ಮಾಡಿಗೆ ಮುಟ್ಟದ ಗೋಡೆ

ರಬ್ಬರ್ ಮರದ ಗೆರಟೆಗೆ ನೀರು ಹೊಯ್ದು ಪುಣ್ಯ ಸಂಪಾದಿಸಲು ಹೊರಟವನು ಕಡಬದ ಚರಿತ್ರೆಯಲ್ಲೇ ಅಚ್ಚುತನೊಬ್ಬನೇ. ಪುತ್ತೂರು ಪೇಟೆಯಲ್ಲಿ ಹುಟ್ಟಿ, ಅಲ್ಲೇ ಓದಿ, ರಬ್ಬರ್ ಎಂದರೆ ಪೆನ್ಸಿಲಿನ ಬಾಲದಲ್ಲಿ ಬೆಳೆಯುವ ವಸ್ತು ಎಂದು ನಂಬಿದ್ದ ಈ ಪದವೀಧರ, ಎಪ್ಪತ್ತೆಂಟನೆಯ ಇಸವಿಯಲ್ಲಿ ಕಡಬದ ಒಂದು ಸಹಕಾರಿ ಸಂಘಕ್ಕೆ ಗುಮಾಸ್ತನಾಗಿ ಬಂದಿಳಿದ. ಬಾಡಿಗೆಗೆ ಹಿಡಿದ ಮನೆಯ ಹಿಂದಿನ ಇಳಿಜಾರಿನಲ್ಲಿ ಸಾಲು ಮರಗಳು. ಪ್ರತಿ ಮರದ ಸೊಂಟಕ್ಕೂ ಒಂದೊಂದು ತೆಂಗಿನ ಗೆರಟೆ. ಗೆರಟೆಯೊಳಗೆ ಬೆಳ್ಳಗೆ ಹಾಲು. ಆಹಾ, ಹಕ್ಕಿಗಳಿಗೆ ಹಾಲಿಡುವ ಜನ ಎಂದು ಅವನ ಕಣ್ಣು ತುಂಬಿ ಬಂತು. ಆದರೆ ಇಷ್ಟು ದಪ್ಪ ಹಾಲು ಕುಡಿದರೆ ಆ ಪುಟ್ಟ ಹೊಟ್ಟೆಗಳ ಗತಿ ಏನು? ನಾಲ್ಕು ದಿನ, ಆಫೀಸಿಗೆ ಹೊರಡುವ ಮುಂಚೆ ಚೆಂಬು ಹಿಡಿದು ಹೋಗಿ, ಗೆರಟೆ ಗೆರಟೆಗೂ ಹದವಾಗಿ ನೀರು ಬೆರೆಸಿ ಬಂದ.

ಐದನೆಯ ದಿನ ಮರದ ಹಿಂದಿನಿಂದ ಒಬ್ಬ ಮನುಷ್ಯ ಎದ್ದು ನಿಂತ. ಮೇಲೆತ್ತಿ ಕಟ್ಟಿದ ಲುಂಗಿ, ಕೈಯಲ್ಲಿ ಬಾಗಿದ ಕತ್ತಿ.

“ಸಾರೇ, ಎಂತ ಮಾಡ್ತಾ ಉಂಟು?”

“ಹಕ್ಕಿಗಳಿಗೆ... ಸ್ವಲ್ಪ ತೆಳು ಮಾಡುವ ಅಂತ,” ಎಂದ ಅಚ್ಚುತ.

ಆ ಮನುಷ್ಯನೇ ಚಾಕೋ. ಕೇರಳದಿಂದ ಬಂದು ಆ ರಬ್ಬರ್ ತೋಟವನ್ನು ಗೇಣಿಗೆ ಹಿಡಿದು ಹಾಲು ತೆಗೆಯುತ್ತಿದ್ದವ. ಹಾಲು ಹೆಪ್ಪುಗಟ್ಟಿಸಿ ಒತ್ತುವ ತನ್ನ ರಬ್ಬರ್ ಶೀಟು ನಾಲ್ಕು ದಿನದಿಂದ ಯಾಕೆ ಗಟ್ಟಿಯಾಗುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದವ. ಅವನು ಕತ್ತಿ ಪಕ್ಕಕ್ಕಿಟ್ಟು, ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಕತ್ತಿಯನ್ನೇ ಬೀಸಿದ್ದರೂ ಅಚ್ಚುತನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಸಂಜೆಯೊಳಗೆ ಚಾಕೋನ ಏಳು ಮಕ್ಕಳೂ ಸೇರಿ ಅವನಿಗೆ ‘ಕಿಳಿ ಸಾರ್’ ಎಂದು ನಾಮಕರಣ ಮಾಡಿ ಮುಗಿಸಿದ್ದರು. (ಕಿಳಿ ಎಂದರೆ ಮಲಯಾಳದಲ್ಲಿ ಹಕ್ಕಿ. ಸಂಘದ ಅಧ್ಯಕ್ಷರಿಗೆ ಈ ಹೆಸರು ತಲುಪಲು ಎರಡು ದಿನ ಹಿಡಿಯಿತು. ಸಂಘದ ಕಾಗದಪತ್ರಗಳು ಆ ವೇಗದಲ್ಲಿ ಎಂದೂ ಚಲಿಸಿದ್ದಿಲ್ಲ.)

ಈ ಚಾಕೋ ಚೇಟ್ಟನ (ಚೇಟ್ಟ ಎಂದರೆ ಅಣ್ಣ, ಚೇಚಿ ಎಂದರೆ ಅಕ್ಕ) ಸಂಸಾರ ಅಚ್ಚುತನ ಮನೆಯ ಪಕ್ಕದಲ್ಲಿತ್ತು ಎಂದರೆ ತಪ್ಪಾಗುತ್ತದೆ. ಮನೆಯೊಳಗೇ ಇತ್ತು ಎನ್ನಬೇಕು. ಮನೆಯೊಡತಿ ಬೀಫಾತುಮ್ಮ ತನ್ನ ಉದ್ದನೆಯ ಹಂಚಿನ ಮನೆಯ ನಡುವೆ ಗೋಡೆ ಎಬ್ಬಿಸಿ, ಒಂದನ್ನು ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದಳು. ಗೋಡೆ ಒಂದೂವರೆ ಆಳೆತ್ತರ ಏರಿ, ಅಲ್ಲಿ ಉತ್ಸಾಹ ಕಳೆದುಕೊಂಡು ನಿಂತುಬಿಟ್ಟಿತ್ತು. ಅಲ್ಲಿಂದ ಮೇಲೆ ಹಂಚಿನ ಮಾಡಿನ ತನಕ ಎರಡು ಸಂಸಾರಕ್ಕೂ ಸೇರಿ ಒಂದೇ ಆಕಾಶ. ಆ ಆಕಾಶಮಾರ್ಗವಾಗಿ ಒಣಮೀನು ಹುರಿದ ಪರಿಮಳ, ರಬ್ಬರ್ ತೊಳೆದ ನೀರಿನ ದುರ್ಗಂಧ, ಮಲಯಾಳ ರೇಡಿಯೋ, ಮಕ್ಕಳ ಮಗ್ಗಿ, ಒಮ್ಮೊಮ್ಮೆ ಮಕ್ಕಳ ಚೆಂಡು, ಒಂದು ಸಲ ಸಾಕ್ಷಾತ್ ಒಂದು ಕೋಳಿ ಅಚ್ಚುತನ ಪ್ರಾಂತ್ಯಕ್ಕೆ ದಯಮಾಡಿಸಿದ್ದವು.

ಎಲ್ಲಕ್ಕಿಂತ ಮಿಗಿಲಾದದ್ದು ಶೀಟು ಒತ್ತುವ ಯಂತ್ರ. ಹಿಂದಿನ ಜಗಲಿಯಲ್ಲಿ ಎರಡು ಕಬ್ಬಿಣದ ಉರುಳೆ. ತಿರುಗಿಸಲು ಚಾಕೋ, ಹೆಪ್ಪುಗಟ್ಟಿದ ರಬ್ಬರನ್ನು ಅದರ ಬಾಯಿಗೆ ಕೊಡಲು ಅವನ ಹೆಂಡತಿ ತ್ರೇಸ್ಯಾಕುಟ್ಟಿ. ಬೆಳಗಿನ ಜಾವ ಸರಿಯಾಗಿ ನಾಲ್ಕಕ್ಕೆ ಅದು ಹಲ್ಲು ಕಡಿಯಲು ಶುರು ಮಾಡುತ್ತಿತ್ತು. ಆ ಸದ್ದಿಗೆ ಅವರ ನಾಯಿ ಕೈಸರ್ ಎದ್ದು ಯಂತ್ರಕ್ಕೆ ಬೊಗಳುತ್ತಿತ್ತು. ಕೈಸರಿಗೆ ಚಾಕೋ ಬೊಗಳುತ್ತಿದ್ದ. ಮಳೆಗಾಲದಲ್ಲಿ ಹಾಲು ಇಳಿಸಲು ಮರ ಕೆತ್ತುವ ಕೆಲಸ ಇಲ್ಲದ್ದರಿಂದ ಯಂತ್ರಕ್ಕೆ ರಜೆ. ಆದರೆ ಆಗ ಏಳು ಮಕ್ಕಳೂ ಮನೆಯೊಳಗೆ. ಯಾವುದು ಮೇಲು ಎಂದು ತೀರ್ಮಾನಿಸಲಾರದೆ ಅಚ್ಚುತ ಎರಡು ವರ್ಷ ಕಳೆದ.

ಒಂಟಿ ಜೀವ, ಹೇಗೋ ಸಹಿಸಿದ. ಎಂಬತ್ತನೆಯ ಇಸವಿಯ ಏಪ್ರಿಲಿನಲ್ಲಿ ಸುಳ್ಯ ತಾಲೂಕಿನ ಐವರ್ನಾಡಿನ ಮೇದಪ್ಪ ಗೌಡರ ಮಗಳು ಪ್ರೇಮಾವತಿಯನ್ನು ಮದುವೆಯಾಗಿ ಕರೆತಂದ ಮೇಲೆ ಗೋಡೆಯ ಎತ್ತರ ಬೇರೆಯೇ ಮಹತ್ವ ಪಡೆಯಿತು.

ಮೂರನೆಯ ದಿನ ಪ್ರೇಮಾವತಿ ಅಡಿಗೆಕೋಣೆಯಿಂದ ಮೆಲ್ಲನೆ ಹೇಳಿದಳು: “ಉಪ್ಪು ಮುಗಿದದ್ದುಂಟು ಮಾರಾಯ್ರೆ.”

“ಉಪ್ಪು ಬೇಕಾ ಮೋಳೇ?” ಎಂದಿತು ಆಕಾಶವಾಣಿ, ತ್ರೇಸ್ಯಾಕುಟ್ಟಿಯ ಕಂಠದಲ್ಲಿ, ಮಗಳನ್ನು ಕರೆದಷ್ಟೇ ಸಲಿಗೆಯಿಂದ. ಹಿಂದೆಯೇ ಗೋಡೆಯ ಮೇಲಿನಿಂದ, ಕೋಲಿನ ತುದಿಗೆ ಸಿಕ್ಕಿಸಿದ ಉಪ್ಪಿನ ಪೊಟ್ಟಣ ಇಳಿದು ಬಂತು.

ಅಚ್ಚುತ ಧೈರ್ಯ ಹೇಳಿದ. “ನಾವು ಇನ್ನು ನಮ್ಮ ಮನೆಮಾತು ಅರೆಭಾಷೆಯಲ್ಲೇ ಮಾತಾಡುವ. ಅವರಿಗೆಲ್ಲಿ ಅರ್ಥ ಆಗ್ತದೆ?”

ಅರ್ಥವಾಗಲು ತ್ರೇಸ್ಯಾಕುಟ್ಟಿ ಚೇಚಿಗೆ ಮೂರು ವಾರ ಸಾಕಾಯಿತು. ಒಂದು ಮಧ್ಯಾಹ್ನ, ಸಾರಿಗೆ ಹುಳಿ ಹೆಚ್ಚಾಯಿತೋ ಇಲ್ಲವೋ ಎಂದು ಗಂಡಹೆಂಡಿರ ನಡುವೆ ಶುದ್ಧ ಅರೆಭಾಷೆಯಲ್ಲಿ ವಾಗ್ವಾದ ನಡೆಯುತ್ತಿತ್ತು. “ನಿಮ್ಮ ನಾಲಿಗೆಯೇ ಸರಿ ಇಲ್ಲ,” ಎಂದಳು ಪ್ರೇಮಾವತಿ. “ಅವಳು ಹೇಳುದು ಸರಿ ಸಾರೇ,” ಎಂದು ಆಚೆಯಿಂದ ತೀರ್ಪು ಬಂತು. “ನಿನ್ನೆ ನಾನು ಕೊಟ್ಟ ಮೀನುಸಾರಿಗೂ ನೀವು ಹುಳಿ ಅಂತಲೇ ಹೇಳಿದ್ದಲ್ವಾ? ನಾನು ಕೇಳಿದ್ದೇನೆ.” ಮೇಲ್ಮನವಿಗೆ ಅವಕಾಶವಿರಲಿಲ್ಲ.

ಕೊನೆಗೆ ಅನಾಹುತ ಮಾಡಿದ್ದು ಅಚ್ಚುತನೇ. ಒಂದು ಭಾನುವಾರ, ಚಾಕೋ ಸಂಸಾರ ಇಗರ್ಜಿಗೆ ಹೋಗಿದೆ ಎಂದು ನಂಬಿ, ಹೆಂಡತಿಯನ್ನು ಪ್ರೀತಿಯಿಂದ ಕರೆಯಲು ಒಂದು ಹೆಸರು ಹುಡುಕಿದ. ಪ್ರೇಮದ ಭಾಷೆಯಲ್ಲಿ ಅವನಿಗೆ ತರಬೇತಿ ಇರಲಿಲ್ಲ, ಬಾಯಿಗೆ ಬಂದದ್ದು “ನನ್ನ ಬೆಲ್ಲದ ಅಚ್ಚೇ.” ಅಷ್ಟೂ ಮಂದಿ ಇಗರ್ಜಿಗೆ ಹೋಗಿರಲಿಲ್ಲ. ಮರುದಿನ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಐದಾರು ಹೆಂಗಸರ ಎದುರು, ಚಾಕೋನ ನಾಲ್ಕು ವರ್ಷದ ಮಗಳು ಅಲ್ಫೋನ್ಸಾ ಕೈ ತಟ್ಟಿ ಕುಣಿದಳು: “ಬೆಲ್ಲದ ಅಚ್ಚು ಬಂದ್ರು! ಬೆಲ್ಲದ ಅಚ್ಚು ಬಂದ್ರು!”

ಪ್ರೇಮಾವತಿ ಖಾಲಿ ಕೊಡ ಹೊತ್ತು ಮನೆಗೆ ಬಂದಳು. ಆ ದಿನ ಅವಳಾಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಬೇಕಾದವರು ಚೇಚಿಯನ್ನು ಕೇಳಬಹುದು.

ಅಷ್ಟರಲ್ಲಿ ಆಟಿ ತಿಂಗಳು ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಆಟಿಯಲ್ಲಿ ತವರಿನಲ್ಲಿರಬೇಕು ಎಂಬ ಕ್ರಮವನ್ನು ಯಾರು ಮಾಡಿದರೋ, ಪ್ರೇಮಾವತಿ ಅವರಿಗೆ ಮನಸ್ಸಿನಲ್ಲೇ ಕೈಮುಗಿದು ಪೆಟ್ಟಿಗೆ ಕಟ್ಟಿದಳು. ಅಚ್ಚುತನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಐವರ್ನಾಡಿಗೆ ಬಿಟ್ಟ. ಊಟದ ಮೇಲೆ ಮಾವ ಗುಡ್ಡೆಯ ಕೃಷಿ ತೋರಿಸುತ್ತೇನೆ ಎಂದು ಕರೆದರು. ಪತ್ರೊಡೆ ನಾಲ್ಕು ಸುತ್ತು ಹೆಚ್ಚಾಗಿದ್ದ ಅಳಿಯ, ಇನ್ನೊಮ್ಮೆ ನೋಡುವ ಎಂದು ಜಗಲಿಯಲ್ಲೇ ಕಾಲು ಚಾಚಿದ. ಹೊರಡುವಾಗ ಪ್ರೇಮಾವತಿ ಮೆಟ್ಟಿಲ ಬಳಿ ಬಂದು ಮೆಲ್ಲಗೆ ಹೇಳಿದಳು:

“ಆ ಗೋಡೆ ಮಾಡಿಗೆ ಮುಟ್ಟಬೇಕು. ಇಲ್ಲದಿದ್ದರೆ ಅವರು ಮನೆ ಬಿಡ್ಬೇಕು. ಎರಡರಲ್ಲಿ ಒಂದು ಆಗದೆ ನಾನು ಬರುದಿಲ್ಲ.”

“ಆಟಿ ಮುಗಿದ ಮೇಲೆ ಕಳಿಸದಿದ್ದರೆ ಜನ ಎಂತ ಹೇಳ್ತಾರೆ?”

“ಎಂತ ಬೇಕಾದ್ರೂ ಹೇಳ್ಲಿ. ಬೆಲ್ಲದ ಅಚ್ಚು ಅಂತ ಹೇಳದಿದ್ದರೆ ಸಾಕು.”

ಆಟಿ ಮುಗಿಯಿತು, ಸೋಣ ತಿಂಗಳು ಹುಟ್ಟಿತು. ಊರಿನ ಹೊಸ ಸೊಸೆಯಂದಿರೆಲ್ಲ ಗಂಡನ ಮನೆಗೆ ಮರಳಿದರು. ಅಚ್ಚುತ ಹೋಟೆಲಿನ ಗೋಳಿಬಜೆಗೆ ಮರಳಿದ. ಸಂಘಕ್ಕೆ ಬರುವ ಪ್ರತಿಯೊಬ್ಬ ಸದಸ್ಯನಿಗೂ ಒಂದೇ ಪ್ರಶ್ನೆ: “ಎಂತ ಗುಮಾಸ್ತರೇ, ಮನೆಯವರು ಬರ್ಲಿಲ್ವಾ ಇನ್ನೂ?” ರಸಗೊಬ್ಬರ ಕೇಳಲು ಬಂದವರು ರಸಗೊಬ್ಬರ ಮರೆತು ಹೋಗುತ್ತಿದ್ದರೇ ಹೊರತು ಈ ಪ್ರಶ್ನೆಯನ್ನಲ್ಲ.

ಅವನು ಬೀಫಾತುಮ್ಮನ ಹತ್ತಿರ ಹೋಗಿ ಗೋಡೆಯ ವಿಷಯ ಎತ್ತಿದ.

“ಗೋಡೆ ಎತ್ತರ ಮಾಡಿದ್ರೆ ಗಾಳಿ ಎಲ್ಲಿಂದ ಬರುದು ಮೋನೇ?” ಎಂದಳು ಆಕೆ, ಎಲೆಗೆ ಸುಣ್ಣ ಹಚ್ಚುತ್ತ. “ಮತ್ತೆ, ಅಷ್ಟು ಗುಟ್ಟಿನ ಮಾತು ನಿಮಗೆ ಎಂತ ಉಂಟು? ನೀವು ಸಂಘದ ಗುಮಾಸ್ತ ಅಲ್ವಾ, ಪೊಲೀಸು ಅಲ್ಲ.”

ತಾನೇ ಏನಾದರೂ ಮಾಡುವುದೆಂದು ಸಂಘದ ಗೊಬ್ಬರದ ಖಾಲಿ ಗೋಣಿಗಳನ್ನು ಹೊಲಿದು ಗೋಡೆಯಿಂದ ಮಾಡಿಗೆ ತೂಗುಹಾಕಿದ. ಆಚೆಯ ಮಕ್ಕಳು ಅದನ್ನು ಪರದೆ ಎಂದು ತಿಳಿದು, ಮೇಜಿನ ಮೇಲೆ ಮೇಜು ಪೇರಿಸಿ ಹತ್ತಿ, ಪರದೆ ಸರಿಸಿ ನಾಟಕ ಆಡಿದರು. ಪ್ರೇಕ್ಷಕ ಅಚ್ಚುತನೊಬ್ಬನೇ. ಆಟ ಮುಗಿಯದೆ ಏಳುವಂತೆಯೂ ಇರಲಿಲ್ಲ. ಅವನ ಊಟದ ತಟ್ಟೆ ರಂಗಸ್ಥಳದ ಕೆಳಗಿತ್ತು.

ಹೀಗೆ ಎಲ್ಲ ದಾರಿಗಳೂ ಮುಚ್ಚಿದಾಗ, ಒಂದು ಸಂಜೆ ಚಾಕೋ ತಲೆ ಕೆರೆದುಕೊಳ್ಳುತ್ತ ಬಾಗಿಲಿಗೆ ಬಂದ. (ಗೋಡೆಯ ಮೇಲಿನಿಂದ ಬರದೆ ಬಾಗಿಲಿಗೇ ಬಂದನೆಂದರೆ ವಿಷಯ ಗಂಭೀರವೇ.)

“ಸಾರೇ, ಈ ತೋಟದ ಮರ ಎಲ್ಲ ಕಡಿದು ಹೊಸ ಗಿಡ ಹಾಕ್ತಾರಂತೆ. ನಮಗೆ ಬೇರೆ ಕಡೆ ಒಂದು ತೋಟ ಸಿಗುವ ಹಾಗೆ ಉಂಟು. ಹೊಸ ಮರ, ಇದೇ ವರ್ಷ ಕೆತ್ತಲು ಶುರು. ಮನೆಯೂ ಅವರದ್ದೇ ಕೊಡ್ತಾರೆ.”

ಅಚ್ಚುತ ಕೂಡಲೇ ಕುರ್ಚಿ ಎಳೆದು ಕೊಟ್ಟ. “ದೂರವಾ ಚೇಟ್ಟಾ?”

“ದೂರ ಸಾರೇ. ಸುಳ್ಯದ ಕಡೆ. ದಲ್ಲಾಳಿ ಜತ್ತಪ್ಪ ಹೇಳಿದ್ದು. ಆದ್ರೆ ತೋಟದವರು ಗೊತ್ತಿರುವವರ ಒಂದು ಕಾಗದ ಬೇಕು ಹೇಳ್ತಾರೆ, ಜನ ಹೇಗೆ ಅಂತ. ನನಗೆ ಕನ್ನಡ ಮಾತಾಡ್ಲಿಕ್ಕೆ ಬರ್ತದೆ, ಬರೀಲಿಕ್ಕೆ ಬರುದಿಲ್ಲ.”

ಸುಳ್ಯದ ಕಡೆ ಎಂದರೆ ಯಾವ ಊರು, ತೋಟದವರು ಯಾರು ಎಂದು ಬುದ್ಧಿ ಇರುವ ಯಾರಾದರೂ ಕೇಳುತ್ತಿದ್ದರು. ಅಚ್ಚುತ ಕೇಳಿದ್ದು ಒಂದೇ: “ಎಷ್ಟು ಪುಟ ಬರೆಯಲಿ?”

ಆ ಪತ್ರ ಬರೆದಷ್ಟು ತನ್ಮಯತೆಯಿಂದ ಅವನು ಪ್ರೇಮಾವತಿಗೂ ಪತ್ರ ಬರೆದದ್ದಿಲ್ಲ. ‘ಶ್ರೀ ಚಾಕೋ ಅವರ ಕುಟುಂಬವನ್ನು ನಾನು ಎರಡು ವರ್ಷಗಳಿಂದ ಅತ್ಯಂತ ಸಮೀಪದಿಂದ ಬಲ್ಲೆ’ ಎಂದು ಆರಂಭವಾಯಿತು. (ಇದೊಂದು ವಾಕ್ಯ ಸತ್ಯ.) ‘ಇವರು ಸ್ವಭಾವತಃ ಮೌನಪ್ರಿಯರು. ಮಕ್ಕಳು ಏಳು ಮಂದಿ ಇದ್ದರೂ ಇಲ್ಲದಂತೆಯೇ ಇರುತ್ತಾರೆ. ಇವರ ನಾಯಿ ವಿನಾಕಾರಣ ಬೊಗಳಿದ್ದನ್ನು ಕೇಳಿದವರಿಲ್ಲ. ಇವರ ನೆರೆಯಲ್ಲಿ ವಾಸಿಸುವುದೆಂದರೆ ಋಷ್ಯಾಶ್ರಮದ ಮಗ್ಗುಲಲ್ಲಿ ವಾಸಿಸಿದಂತೆ. ಇಂಥವರನ್ನು ಕಳೆದುಕೊಳ್ಳಲು ನನಗೆ ಎಳ್ಳಷ್ಟೂ ಮನಸ್ಸಿಲ್ಲ. ಆದರೂ ಅವರ ಏಳಿಗೆಗೆ ಅಡ್ಡಿಯಾಗಬಾರದೆಂಬ ಒಂದೇ ಕಾರಣದಿಂದ...’ ಬರೆಯುತ್ತ ಬರೆಯುತ್ತ ಅವನಿಗೇ ಚಾಕೋನ ಮೇಲೆ ಗೌರವ ಉಕ್ಕಿತು. ಕೆಳಗೆ ಪೂರ್ತಿ ಹೆಸರು, ಹುದ್ದೆ, ವಿಳಾಸ ಬರೆದು ಸಹಿ ಹಾಕಿದ. ಸಂಘದ ಮೊಹರನ್ನೂ ಒತ್ತುವ ಆಸೆಯಾಯಿತು, ಹೆದರಿ ಬಿಟ್ಟ.

ಎಂಟೇ ದಿನದಲ್ಲಿ ಜೀಪು ಬಂತು. ಪಾತ್ರೆ, ಹಾಸಿಗೆ, ಕೋಳಿಗೂಡು, ಮರಗೆಣಸಿನ ಕೋಲುಗಳ ಕಟ್ಟು, ಆ ಯಂತ್ರದ ಎರಡು ಉರುಳೆ — ಎಲ್ಲವನ್ನೂ ಅಚ್ಚುತ ತಾನೇ ಹೊತ್ತು ತಂದು ಪೇರಿಸಿದ. ಯಂತ್ರವನ್ನು ಎತ್ತುವಾಗ ಅವನಿಗೆ ಸೊಂಟ ಹಿಡಿಯಿತು. ಅದು ಹೂವಿನ ಭಾರ ಎಂದುಕೊಂಡ. ತ್ರೇಸ್ಯಾಕುಟ್ಟಿ ಚೇಚಿ ಒಂದು ಭರಣಿ ಮಾವಿನಮಿಡಿ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಚ್ಚುತನ ಕಣ್ಣಲ್ಲೂ ನೀರಿತ್ತು. “ನೋಡಿ, ಸಾರ್ ಅಳ್ತಾರೆ!” ಎಂದು ಚೇಚಿ ಇನ್ನಷ್ಟು ಅತ್ತಳು. ಅವಳ ತಪ್ಪು ತಿಳುವಳಿಕೆಯನ್ನು ತಿದ್ದುವಷ್ಟು ಕಟುಕ ಅವನಲ್ಲ.

ಜೀಪಿನ ಧೂಳು ಅಡಗಿದ ಮೇಲೆ ಒಳಗೆ ಬಂದು ಬಾಗಿಲು ಹಾಕಿ, ನಡುಮನೆಯಲ್ಲಿ ನಿಂತು, “ಉಪ್ಪು ಮುಗಿಯಿತು!” ಎಂದು ಕೂಗಿದ. ಉತ್ತರವಿಲ್ಲ. “ಸಾರು ಹುಳಿ!” ಎಂದ. ಯಾರೂ ತೀರ್ಪು ಕೊಡಲಿಲ್ಲ. ಬೆಲ್ಲದ ಅಚ್ಚನ್ನೂ ಎರಡು ಸಲ ಕೂಗಿ ನೋಡಿದ. ಗೋಡೆ ಗೋಡೆಯಂತೆ ಸುಮ್ಮನಿತ್ತು. ಸ್ವರಾಜ್ಯ ಬಂದ ದಿನ ಅವನು ಹುಟ್ಟಿರಲಿಲ್ಲ. ಆ ಕೊರತೆ ಆ ದಿನ ತುಂಬಿತು. ಕೂಡಲೇ ಒಂದು ಕಾಗದ ಬರೆದು ಅಂಚೆಗೆ ಹಾಕಿದ: ‘ಅವರು ಹೋದರು. ಇನ್ನು ಈ ಮನೆಯಲ್ಲಿ ನಾವಿಬ್ಬರೇ. ನಾಳೆಯೇ ಹೊರಟು ಬಾ.’

ನಾಳೆ ಅವಳು ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಹತ್ತು ದಿನ ಕಳೆದರೂ ಒಂದು ಸಾಲು ಉತ್ತರವಿಲ್ಲ. ಹನ್ನೊಂದನೆಯ ದಿನ ಭಾನುವಾರ; ಅಚ್ಚುತ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಅರ್ಧ ಸೇರು ಲಾಡು ಕಟ್ಟಿಸಿಕೊಂಡು, ಐವರ್ನಾಡಿನ ಬಸ್ಸು ಹತ್ತಿದ.

ಮಾವನ ಮನೆಯ ತಿರುವಿನಲ್ಲೇ ಒಂದು ನಾಯಿ ಓಡಿಬಂದು ಅವನ ಎದೆಗೆ ಎರಡು ಕಾಲಿಟ್ಟು ಮುಖ ನೆಕ್ಕಿತು. ಐವರ್ನಾಡಿನ ನಾಯಿಗೆ ಇಷ್ಟು ಸಲಿಗೆಯೇ ಎಂದು ನೋಡಿದರೆ, ಕೈಸರ್. ಅಂಗಳದಲ್ಲಿ ಕಟ್ಟಿದ ಹಗ್ಗದ ಮೇಲೆ ಬಿಳಿ ಬಿಳಿ ರಬ್ಬರ್ ಶೀಟುಗಳು. ಕೊಟ್ಟಿಗೆಯ ಪಕ್ಕದ ಬಿಡಾರದ ಜಗಲಿಯಲ್ಲಿ ಅದೇ ಯಂತ್ರ. ಉರುಳೆ ತಿರುಗಿಸುತ್ತಿದ್ದವಳು ಚೇಚಿ. ಎದುರು ಕೂತು ಶೀಟು ಹಿಡಿಯುತ್ತ, ಏನೋ ಹೇಳಿ ಬಿದ್ದು ಬಿದ್ದು ನಗುತ್ತಿದ್ದವಳು ಪ್ರೇಮಾವತಿ.

“ಕಿಳಿ ಸಾರ್!” ಎಂದು ಏಳು ಕಂಠಗಳು ಏಕಕಾಲದಲ್ಲಿ ಸ್ವಾಗತ ಕೋರಿದವು. ಪ್ರೇಮಾವತಿ ಗಂಡನನ್ನು ಕಂಡದ್ದೇ ಸೆರಗು ಸರಿಮಾಡಿಕೊಂಡು ಒಳಗೆ ಓಡಿದಳು.

ಮಾವ ಮೇದಪ್ಪ ಗೌಡರು ಬೆಲ್ಲ ನೀರು ಕೊಡಿಸಿ, ಲಾಡು ಒಳಗೆ ಕಳಿಸಿ, ಕನ್ನಡಕ ಹಾಕಿಕೊಂಡರು. ಅಂಗಿಯ ಕಿಸೆಯಿಂದ ಮಡಚಿದ ಕಾಗದ ಒಂದನ್ನು ತೆಗೆದರು. ತನ್ನ ಅಕ್ಷರವನ್ನು ಅಚ್ಚುತ ದೂರದಿಂದಲೇ ಗುರುತಿಸಿದ.

“ಗುಡ್ಡೆಯ ರಬ್ಬರಿಗೆ ಏಳು ವರ್ಷ ಆಯ್ತು. ಜನ ಹುಡುಕುತ್ತಿದ್ದೆ. ಜತ್ತಪ್ಪ ಈ ಕಾಗದ ತಂದ. ಬೇರೆ ಯಾರದ್ದಾದರೂ ಆಗಿದ್ದರೆ ಎರಡು ಸಲ ಯೋಚಿಸ್ತಿದ್ದೆ. ನಮ್ಮ ಅಳಿಯಂದಿರದ್ದೇ ಸಹಿ ಅಲ್ವಾ, ಕಣ್ಣು ಮುಚ್ಚಿ ಕರೆಸಿದೆ. ಅವರು ಜೀಪಿನಿಂದ ಇಳಿದ ಮೇಲೆಯೇ ನನಗೆ ಗೊತ್ತಾದದ್ದು, ನಿಮ್ಮದೇ ಮನೆಯ ಇನ್ನರ್ಧದಲ್ಲಿ ಇದ್ದವರು ಅಂತ.”

“ಹೌದು ಮಾವ, ಒಳ್ಳೆಯ ಜನ,” ಎಂದ ಅಚ್ಚುತ.

“ಈಗ ನನಗೆ ಒಂದು ಸಂಶಯ. ಮಗಳು ಆಟಿಗೆ ಬಂದವಳು ಸೋಣ ಮುಗಿಯುತ್ತ ಬಂದರೂ ಹೊರಡುದಿಲ್ಲ. ಕೇಳಿದ್ರೆ ‘ಆ ಮನೆಯಲ್ಲಿ ಗಲಾಟೆ, ಇರ್ಲಿಕ್ಕೆ ಆಗುದಿಲ್ಲ’ ಅಂತ ಮಾತ್ರ ಹೇಳ್ತಾಳೆ. ನೀವು ಇಲ್ಲಿ ಬರೆದದ್ದು, ನೆರೆಯವರು ಋಷಿಗಳು ಅಂತ. ಆ ಮನೆಯಲ್ಲಿ ಇದ್ದದ್ದು ಅವರು ಮತ್ತು ನೀವು. ಅವರು ಗಲಾಟೆ ಮಾಡುದಿಲ್ಲ ಅಂತಾದ್ರೆ, ಮಾಡುದು ಯಾರು? ಕಾಗದ ಸುಳ್ಳಾದ್ರೆ ಹೇಳಿ. ಸುಳ್ಳು ಕಾಗದ ಹಿಡಿದು ಬಂದವರನ್ನು ನಾನು ಇವತ್ತೇ ವಾಪಸು ಕಳಿಸ್ತೇನೆ.”

ಅಂಗಳದಲ್ಲಿ ಚಾಕೋ ಕೈಯಲ್ಲಿ ಒದ್ದೆ ಶೀಟು ಹಿಡಿದು ನಿಂತಿದ್ದ. ಅವನ ಹಿಂದೆ ಚೇಚಿ. ಅವಳ ಹಿಂದೆ ಎತ್ತರದ ಅನುಕ್ರಮದಲ್ಲಿ ಏಳು ಮುಖ. ವಾಪಸು ಎಂದರೆ ಎಲ್ಲಿಗೆ? ಬೀಫಾತುಮ್ಮನ ಮನೆಯ ಆ ಅರ್ಧ ಇನ್ನೂ ಖಾಲಿ. ಸತ್ಯ ಹೇಳಿದರೆ ಒಂಬತ್ತು ಜನರ ಅನ್ನಕ್ಕೆ ಕಲ್ಲು, ತನ್ನ ತಲೆಯ ಮೇಲೆ ಯಂತ್ರ. ಹೇಳದಿದ್ದರೆ ತಾನೇ ಹೆಂಡತಿಯನ್ನು ಓಡಿಸಿದ ರಾಕ್ಷಸ. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವನಿಗೆ ಮಹಾತ್ಯಾಗದ ಒಂದು ಅವಕಾಶ ಸಿಕ್ಕಿತು. ಜೊತೆಗೆ ಸ್ವಂತ ಲಾಭವೂ ಇದ್ದದ್ದರಿಂದ ಅದನ್ನು ಕೂಡಲೇ ಹಿಡಿದುಕೊಂಡ.

“ಕಾಗದ ಸತ್ಯ ಮಾವ,” ಎಂದು ತಲೆ ತಗ್ಗಿಸಿದ. “ಗಲಾಟೆ ನನ್ನದೇ. ನನಗೆ... ಗೊರಕೆ.”

ಎಷ್ಟು ಚಂದದ ಸುಳ್ಳು! ಯಾರಿಗೂ ಕೇಡಿಲ್ಲ. ಬಾಗಿಲ ಸಂದಿನಲ್ಲಿ ಕಾಣುತ್ತಿದ್ದ ಪ್ರೇಮಾವತಿಯ ಸೆರಗಿನ ಕಡೆ ಅವನು ಹುತಾತ್ಮನ ದೃಷ್ಟಿ ಬೀರಿದ.

ಮೇದಪ್ಪ ಗೌಡರು ನಂಬಲಿಲ್ಲ. “ಬರೀ ಗೊರಕೆಗೆ ಯಾರಾದ್ರೂ ಗಂಡನ ಮನೆ ಬಿಡ್ತಾರಾ? ಚಾಕೋ, ಇಲ್ಲಿ ಬನ್ನಿ. ನೀವು ಹೇಳಿ. ಇವರಿಗೆ ಗೊರಕೆ ಉಂಟಾ?”

ಚಾಕೋ ಶೀಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. “ಬೇಡ ಗೌಡ್ರೇ. ಸಾರ್ ನಮಗೆ ಕಾಗದ ಬರೆದು ಕೊಟ್ಟವರು.”

“ಹೇಳಿ ಚೇಟ್ಟಾ, ಹೆದರಬೇಡಿ,” ಎಂದು ಅಚ್ಚುತ ಕಣ್ಣು ಮಿಟುಕಿಸಿದ. ಈ ಮನುಷ್ಯನಿಗೆ ಒಂದು ಚಿಕ್ಕ ಸುಳ್ಳು ಹೇಳಲೂ ಬರುವುದಿಲ್ಲವಲ್ಲ ಎಂದು ಮರುಕವಾಯಿತು.

ಚಾಕೋ ಉಸಿರೆಳೆದುಕೊಂಡ. ಎರಡು ವರ್ಷದಿಂದ ಕಟ್ಟಿ ಇಟ್ಟದ್ದು ಒಡೆದು ಹೊರಬಂತು.

“ಉಂಟಾ ಅಂತ ಕೇಳ್ತೀರಲ್ಲ ಗೌಡ್ರೇ! ಹಂಚು ಅಲ್ಲಾಡ್ತದೆ. ಮೊದಲ ವಾರ ಇವಳು ಹುಲಿ ಅಂತ ಹೇಳಿ ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿದ್ದು. ಗೋಡೆ ಮಾಡಿಗೆ ಮುಟ್ಟುದಿಲ್ಲ ನೋಡಿ, ಎಲ್ಲ ನಮ್ಮ ಕಡೆಗೇ. ಯಾರಾದ್ರೂ ನಾಲ್ಕು ಗಂಟೆಗೆ ಎದ್ದು ಶೀಟು ಒತ್ತುದುಂಟಾ? ಆರು ಗಂಟೆಗೆ ಒತ್ತಿದ್ರೆ ಸಾಕು. ಹೇಗೂ ನಿದ್ರೆ ಇಲ್ಲ, ಕೆಲಸವಾದ್ರೂ ಆಗ್ಲಿ ಅಂತ ನಾವು ಎದ್ದು ಒತ್ತುದು. ಕಡಬದಲ್ಲಿಯೇ ಬೇರೆ ತೋಟ ಇತ್ತು. ಇವಳೇ ಹೇಳಿದ್ದು, ಎಲ್ಲಿಗಾದ್ರೂ ಸರಿ, ದೂರ ಹೋಗುವ ಅಂತ.”

“ಇಲ್ಲಿ ಬಂದ ಮೇಲೆ ಮಕ್ಕಳು ದಪ್ಪ ಆಗಿದ್ದಾರೆ,” ಎಂದು ಚೇಚಿ ಸಾಕ್ಷಿ ನುಡಿದಳು. “ಕೈಸರ್ ಕೂಡ ಈಗ ಬೊಗಳುದಿಲ್ಲ.”

ಅಚ್ಚುತ ಕೈಸರನ ಕಡೆ ನೋಡಿದ. ಅದು ಮುಖ ತಿರುಗಿಸಿತು.

ಮೇದಪ್ಪ ಗೌಡರು ಕಾಗದ ಮಡಚಿ ಕಿಸೆಗೆ ಹಾಕಿ, ಕನ್ನಡಕ ತೆಗೆದು, ಅಳಿಯನನ್ನು ಬರಿಗಣ್ಣಿನಿಂದ ನೋಡಿದರು. ಮಾನ ಹೋದದ್ದು ಹೋಯಿತು, ಹೆಂಡತಿಯಾದರೂ ಸಿಗಲಿ ಎಂದು ಅಚ್ಚುತ ಎದ್ದು ಬಾಗಿಲ ಹತ್ತಿರ ಹೋದ. ಅಷ್ಟೂ ಜನರ ಎದುರಿಗೇ, ಸಣ್ಣ ಧ್ವನಿಯಲ್ಲಿ ಕೇಳಿದ:

“ಅವರು ಮನೆ ಬಿಟ್ಟಾಯ್ತಲ್ಲ. ಇನ್ನಾದ್ರೂ ಬರ್ತೀಯಾ, ಅಥವಾ ನಿನಗೂ ಆ ಗೊರಕೆಯೇ ತೊಂದರೆಯಾ?”

ಬಾಗಿಲ ಹಿಂದಿನಿಂದ ತಡವಿಲ್ಲದೆ ಉತ್ತರ ಬಂತು:

“ನಾಳೆಯೇ ಬರ್ತೇನೆ. ಆಚೆ ಕಡೆ ಖಾಲಿ ಉಂಟಲ್ಲಾ, ನೀವು ಅಲ್ಲಿ ಮಲಗಿ.”